ವಸ್ತಿ ಬಸ್ಸು, ಬಿಟ್ಟುಹೋದ ವಿಮಾನ

ಇಲ್ಲಿಯ ವಿಮಾನ ನಿಲ್ದಾಣದಲ್ಲಿ ನೆಲ ತಾನೇ ನಡೆಯುತ್ತದೆ, ಅದರ ಮೇಲೆ ನಿಲ್ಲಲು ಜನವಿಲ್ಲ. ಬಂದಿಳಿದ ದಿನ ಆ ಉದ್ದನೆಯ ಪಟ್ಟಿಯ ಮೇಲೆ ನಾನೊಬ್ಬಳೇ ಸಾಗಿದೆ. ಎರಡೂ ಬದಿಗೆ ಬೀಗ ಹಾಕಿದ ಗೇಟುಗಳು.

ಇದು ಅಮೆರಿಕದ ಹಳೆಯ ಉಕ್ಕಿನ ಊರು. ಕಾರ್ಖಾನೆಗಳು ಮುಚ್ಚಿದ ಮೇಲೂ ಇಲ್ಲಿ ಒಂದು ವಿಮಾನ ಕಂಪನಿಯ ಹಬ್ ಇತ್ತು. ಹಬ್ ಎಂದರೆ ನಮ್ಮ ರಾಯಚೂರು ಬಸ್‌ಸ್ಟ್ಯಾಂಡಿನಂಥದು. ದೇವದುರ್ಗದಿಂದ ಬಂದವರು ಅಲ್ಲಿಳಿದು ಬೇರೆ ಬಸ್ಸು ಹತ್ತುವಂತೆ ಇಲ್ಲಿ ವಿಮಾನ ಬದಲಿಸುತ್ತಿದ್ದರು. ಅಂಥ ಊರುಗಳನ್ನು ಕಂಪನಿಗಳು ಯಾಕೆ ಬಿಡುತ್ತವೆ ಎಂಬುದೇ ನನ್ನ ಸಂಶೋಧನೆಯ ವಿಷಯ.

ನಾನು ಬಾಡಿಗೆಗಿರುವ ಮನೆಯ ಒಡತಿ ಡೋರಾ ಆ ಕಂಪನಿಯ ಕೌಂಟರಿನಲ್ಲಿದ್ದವಳು. "ಕಂಪನಿ ಕೇಳಿದ್ದಕ್ಕೆ ಊರಿನವರೇ ಹೊಸ ಟರ್ಮಿನಲ್ ಕಟ್ಟಿಕೊಟ್ಟೆವು, ತೆರಿಗೆ ಬಿಟ್ಟೆವು. ಆಮೇಲೆ ಎದ್ದು ಹೋದರು" ಎನ್ನುತ್ತಾಳೆ. ವಿಮಾನ ಬದಲಿಸುವವರು ಇಲ್ಲಿ ಬೇಕಾದಷ್ಟಿದ್ದರು. ಅವರನ್ನು ಯಾವ ಊರಲ್ಲಾದರೂ ಇಳಿಸಬಹುದು. ಹೆಚ್ಚು ದರ ಕೊಟ್ಟು ಇಲ್ಲಿಂದಲೇ ಹೊರಡುವವರು ಕಡಿಮೆ. ಅಷ್ಟೇ ಕಾರಣ.

ಇದನ್ನೆಲ್ಲ ತಣ್ಣಗೆ ಬರೆಯುತ್ತಿದ್ದೆ, ಹೋದ ವಾರ ನಮ್ಮೂರು ಬಾಗಲವಾಡದಿಂದ ಕಾಕಾನ ಹೆಂಡತಿ ಚಿಗವ್ವ ಫೋನ್ ಮಾಡುವವರೆಗೆ.

"ವಸ್ತಿ ಬಸ್ ಬಂದ್ ಮಾಡ್ಯಾರ. ನಮ್ಮ ಶಾಂತಾ ಕಾಲೇಜಿಗೆ ಹೆಂಗ ಹೋಗ್ಬೇಕು? ಮನ್ಯಾಗ ಕುಂತಾಳ. ನಿಮ್ಮ ಕಾಕಾ ಆಗ್ಲೇ ವರ ನೋಡಾಕತ್ತಾನ."

ವಸ್ತಿ ಬಸ್ಸು ರಾತ್ರಿ ನಮ್ಮೂರಲ್ಲೇ ಉಳಿದು ಬೆಳಿಗ್ಗೆ ಮೊದಲು ಮಾನ್ವಿಗೆ ಹೊರಡುತ್ತಿತ್ತು. ಡ್ರೈವರು, ಕಂಡಕ್ಟರಿಗೆ ಮನೆಮನೆಯ ಪಾಳಿಯಲ್ಲಿ ಊಟ. ನನ್ನ ಓದು ಆ ಬಸ್ಸಿನಿಂದಲೇ ಆದದ್ದು.

"ನಾವೇನ್ ಕಡಿಮಿ ಮಾಡಿದ್ವಿ? ನಮ್ಮ ಪಾಳಿಗಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಆ ಕಂಡಕ್ಟರ್‌ಗ ಬದ್ನಿಕಾಯಿ ಸೇರಲ್ಲಂತ ಬ್ಯಾರೇ ಪಲ್ಯ."

"ರೊಟ್ಟಿಗಿ ಬಸ್ ನಿಲ್ಲಂಗಿಲ್ಲ, ಚಿಗವ್ವಾ."

"ಮತ್ತ ಯಾತಕ್ಕ ನಿಲ್ತದ? ಅದನ್ನ ಓದಾಕಂತ ಅಷ್ಟು ದೂರ ಹೋಗೀದಿ. ಹೇಳು."

ಟರ್ಮಿನಲ್ ಕಟ್ಟಿಸಿಕೊಂಡವರೂ ರೊಟ್ಟಿ ತಿಂದು ಎದ್ದುಹೋದವರೇ ಎಂದು ಆಗ ಹೊಳೆದು ಮೈ ಉರಿಯಿತು. ನಮ್ಮವರು ಮಾನ್ವಿಗಷ್ಟೇ ಟಿಕೆಟ್ ತೆಗೆದುಕೊಂಡು, ಅಲ್ಲಿಂದ ಬೇರೆ ಬಸ್ಸಿನಲ್ಲಿ ರಾಯಚೂರಿಗೆ ಹೋಗುತ್ತಾರೆ. ಈ ಬಸ್ಸಿಗೆ ಆದಾಯ ಸಾಲದೆಂದ ಡಿಪೊದವರು ನೋಡಿದ್ದು ಮಾನ್ವಿಯವರೆಗಿನ ಟಿಕೆಟನ್ನು ಮಾತ್ರ. ಮುಂದಿನ ಬಸ್ಸನ್ನು ತುಂಬಿಸುವವರೂ ಇವರೇ ಎಂದು ಯಾರೂ ನೋಡಲಿಲ್ಲ. ಬದಲಿಸುವವರೇ ಹೆಚ್ಚೆಂದು ಇಲ್ಲಿ ಊರನ್ನು ಬಿಟ್ಟರು; ಬದಲಿಸುವವರು ಕಾಣಲೇ ಇಲ್ಲವೆಂದು ಅಲ್ಲಿ ಬಿಟ್ಟರು. ಬಿಡಬೇಕೆಂದು ಮೊದಲೇ ಅಂದುಕೊಂಡವರಿಗೆ ಕಾರಣ ಸಿಗದೆ ಇರುತ್ತದೆಯೆ?

ಇಷ್ಟನ್ನೂ ಡಿಪೊಗೆ ಒಂದು ಪುಟದ ಅರ್ಜಿಯಾಗಿ ಬರೆದು ಚಿಗವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಓಣಿ ಹೆಣ್ಮಕ್ಳದೆಲ್ಲಾ ಸಹಿ ಮಾಡಸ್ತೀನಿ. ಮೊದ್ಲು ನೀ ಮಾಡಿ ಕಳ್ಸು" ಎಂದಳು.

"ನಾ ಈಗ ಆ ಬಸ್ ಹತ್ತಂಗಿಲ್ಲಲ್ಲ. ಸುಳ್ಳಾಗ್ತದ."

"ಅದನ್ನ ಹತ್ತೇ ಹೋದಾಕಿ ಅಲ್ಲೇನು ನೀ?"

ಸಹಿ ಮಾಡಿದೆ. ಅದರ ಕೆಳಗೆ ವಿಳಾಸ ಬರೆಯುವ ಜಾಗವಿತ್ತು. ಬಾಗಲವಾಡ ಎಂದು ಬರೆಯಲೋ, ಈ ಊರನ್ನು ಬರೆಯಲೋ ತಿಳಿಯದೆ, ಖಾಲಿ ಬಿಟ್ಟೇ ಕಳಿಸಿದೆ.