ಬಾಗಿಲು ಹಾಕಿದ ಕೋಣೆಯ ಮಾತು

ಕಳೆದ ವಾರ ಕಾಕ್ಸ್ ಟೌನಿನ ಜೆರಾಕ್ಸ್ ಅಂಗಡಿಯಲ್ಲಿ ಪಾಠದ ಹಾಳೆಗಳ ಪ್ರತಿ ತೆಗೆಸುತ್ತಿದ್ದೆ. ಬಿಸಿ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಡಂ ನೆನಪಾದರು... ಜೊತೆಗೆ ಹಳೆಯ ಸಿಟ್ಟೂ ಬಂತು.

ಮೇಡಂ ನಮ್ಮ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳುತ್ತಿದ್ದರು. ಮನೆ ರಿಚರ್ಡ್ಸ್ ಟೌನಿನಲ್ಲಿ. ಎಲ್ಲಿಗಾದರೂ ಭಾಷಣಕ್ಕೆ ಹೊರಡುವ ಮುಂಚೆ ಬರೆದದ್ದನ್ನು ಜೆರಾಕ್ಸ್ ಮಾಡಿಸಿ, ಬಿಸಿ ಆರುವ ಮೊದಲೇ ನಮ್ಮ ಕೈಗೆ ಕೊಡುತ್ತಿದ್ದರು. "ತಪ್ಪಿದ್ರೆ ಈಗ್ಲೇ ಹೇಳ್ಬಿಡಿ, ಅಲ್ಲಿ ಹೋದ್ಮೇಲೆ ಮರ್ಯಾದೆ ಹೋಗೋದು ಬೇಡ" ಎನ್ನುತ್ತಿದ್ದರು.

ದೇಶ ಅಣು ಪರೀಕ್ಷೆ ನಡೆಸಿದ ವರ್ಷ ಅದು. ಕಂಟೋನ್ಮೆಂಟಿನ ಒಂದು ಬಂಗಲೆಯಲ್ಲಿ ನಿವೃತ್ತ ಸೇನಾಧಿಕಾರಿಗಳು, ರಾಯಭಾರಿಗಳು, ಪ್ರಾಧ್ಯಾಪಕರು ತಿಂಗಳಿಗೊಮ್ಮೆ ಚರ್ಚೆಗೆ ಸೇರುತ್ತಿದ್ದರು. ಅಲ್ಲೊಂದು ಕಟ್ಟುಪಾಡು ಇತ್ತು. ಬಾಗಿಲು ಹಾಕಿಕೊಂಡು ಮಾತಾಡುವುದು. ಕೇಳಿದ ವಿಚಾರವನ್ನು ಹೊರಗೆ ಬಳಸಬಹುದು, ಯಾರು ಹೇಳಿದರೆಂದು ಮಾತ್ರ ಬಾಯಿ ಬಿಡಬಾರದು. ಸರ್ಕಾರಕ್ಕೆ ಹತ್ತಿರದವರೂ ಮನಸ್ಸು ಬಿಚ್ಚಿ ಮಾತಾಡಲಿ ಎಂದು ಈ ಏರ್ಪಾಡು.

ಒಮ್ಮೆ ಮೇಡಂ ಜೊತೆ ನಾನೂ ಹೋಗಿದ್ದೆ. ಅವರು ಹೇಳಿದ್ದು ಇಷ್ಟೇ: ಕ್ಷಿಪಣಿ ಹಾರಿಸಿ ನೋಡುವ ಮೊದಲು ನೆರೆದೇಶಕ್ಕೆ ತಿಳಿಸಬೇಕು, ಅವರೂ ನಮಗೆ ತಿಳಿಸಬೇಕು. ಇಲ್ಲದಿದ್ದರೆ ಪರೀಕ್ಷೆಯನ್ನೇ ದಾಳಿಯೆಂದು ಭಾವಿಸಿ ಯಾರಾದರೂ ಯುದ್ಧ ಶುರು ಮಾಡಿಯಾರು. ಕೆ.ಆರ್. ಪುರದ ಆಚೆಯ ನಮ್ಮ ಊರಿನಲ್ಲಿ ಬಂಡೆ ಸಿಡಿಸುವವರು ಮದ್ದಿಗೆ ಬೆಂಕಿ ಇಡುವ ಮೊದಲು ನಾಲ್ಕೂ ದಿಕ್ಕಿಗೆ ಕೂಗು ಹಾಕುತ್ತಿದ್ದರು. ನಾನೇ ಹೇಳಿದ್ದ ಆ ಸಂಗತಿಯನ್ನು ಮೇಡಂ ಉದಾಹರಣೆಯಾಗಿ ಕೊಟ್ಟರು. "ಕೂಗು ಹಾಕೋನು ಹೇಡಿ ಅಲ್ಲ ಸಾರ್, ಕಸುಬು ಗೊತ್ತಿರೋನು" ಎಂದರು.

ನಿವೃತ್ತ ಸೇನಾಧಿಕಾರಿಯೊಬ್ಬರು, ಎಲ್ಲರೂ ಸಾಹೇಬರೆನ್ನುತ್ತಿದ್ದವರು, ಮೇಜು ಕುಟ್ಟಿದರು. "ಮೇಡಂ, ನೀವು ಯಾವ ದೇಶದ ಪರ ಮಾತಾಡ್ತಿದ್ದೀರಿ?" ಉಳಿದವರು ನಕ್ಕರು. ಜೀವಮಾನವಿಡೀ ಇದನ್ನೇ ಓದಿದವರಿಗೆ ಕೇಳುವ ಪ್ರಶ್ನೆಯೇ ಅದು? ನನಗೆ ಮೈಯೆಲ್ಲ ಉರಿದುಹೋಯಿತು.

ಕೆಲವು ವರ್ಷ ಕಳೆದವು. ಎರಡೂ ದೇಶಗಳು ಅಂಥದೇ ಒಪ್ಪಂದದ ಮಾತಿಗೆ ಕೂತವು. ಆಗ ಅದೇ ಸಾಹೇಬರು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ದೊಡ್ಡ ಲೇಖನ ಬರೆದರು. ಬಂಡೆ, ಮದ್ದು, ಕೂಗು, ಕಸುಬು, ಎಲ್ಲವೂ ಅದರಲ್ಲಿತ್ತು. ಎಲ್ಲವೂ ತಮಗೇ ಹೊಳೆದದ್ದೆಂಬಂತೆ ಬರೆದಿದ್ದರು. ನಮ್ಮ ಊರಿನ ಬಂಡೆಯನ್ನು ಆ ಮಹಾನುಭಾವರು ಕಣ್ಣಿನಿಂದಲೂ ನೋಡಿದವರಲ್ಲ!

ಪತ್ರಿಕೆ ಹಿಡಿದು ರಿಚರ್ಡ್ಸ್ ಟೌನಿಗೆ ಓಡಿದೆ. "ಸಂಪಾದಕರಿಗೆ ಬರೀತೀನಿ ಮೇಡಂ. ನೀವು ಹೇಳಿದ್ದಕ್ಕೆ ನಾನೇ ಸಾಕ್ಷಿ" ಎಂದೆ. ಅವರು ಪೂರ್ತಿ ಓದಿದರು. ಪತ್ರಿಕೆಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು.

"ಬೇಡಮ್ಮ. ಆ ರೂಮಲ್ಲಿ ಯಾರು ಏನಂದ್ರು ಅಂತ ಒಂದ್ಸಲ ಹೊರಗೆ ಬಂದ್ರೆ, ನಾಳೆ ಅಲ್ಲಿ ಯಾರೂ ನಿಜ ಮಾತಾಡಲ್ಲ."

"ಅವ್ರು ಕದ್ದಿದಾರೆ ಮೇಡಂ!"

"ಗೊತ್ತು. ನಂಗೂ ಹೊಟ್ಟೆ ಉರಿಯತ್ತೆ. ಆದ್ರೂ ನನ್ನ ಹೆಸರು ಎಲ್ಲೂ ಹೇಳ್ಬೇಡ. ಮಾತು ಕೊಡು."

ಕೊಟ್ಟೆ. ಮಾತಾಡಿದವರನ್ನು ಕಾಪಾಡಲೆಂದು ಮಾಡಿಕೊಂಡ ಕಟ್ಟುಪಾಡು ಕದ್ದವರನ್ನು ಕಾಪಾಡಿತಲ್ಲ, ಇದು ಯಾವ ಸೀಮೆಯ ನ್ಯಾಯ? ಇವತ್ತಿಗೂ ನನಗೆ ಅರ್ಥವಾಗಿಲ್ಲ...

ಮೇಡಂ ತೀರಿಕೊಂಡಾಗ ಸಂತಾಪ ಸಭೆಗೆ ಸಾಹೇಬರೂ ಬಂದಿದ್ದರು. "ನನ್ನ ವಿಚಾರಗಳನ್ನ ಮೊದಲು ಅರ್ಥ ಮಾಡ್ಕೊಂಡವರಲ್ಲಿ ಅವರೂ ಒಬ್ಬರು" ಎಂದರು. ಸಭೆ ತಲೆದೂಗಿತು. ನಾನು ಎದ್ದು ಹೊರಬಂದೆ.

ಈಗ ನಾನೂ ಅದೇ ಪಾಠ ಹೇಳುತ್ತೇನೆ. ಈ ವರ್ಷ ಸಾಹೇಬರ ಆ ಲೇಖನವನ್ನೇ ಪಠ್ಯಕ್ಕೆ ಇಟ್ಟಿದ್ದಾರೆ. ಮೊನ್ನೆ ಹುಡುಗಿಯೊಬ್ಬಳು, "ಎಷ್ಟು ಚೆನ್ನಾಗಿ ಹೇಳಿದಾರಲ್ವಾ ಮಿಸ್?" ಎಂದಳು.

"ಅದು ಅವರು ಹೇಳಿದ್ದಲ್ಲ" ಎಂದುಬಿಟ್ಟೆ.

"ಮತ್ತೆ ಯಾರು ಮಿಸ್?"

ತರಗತಿಯೆಲ್ಲ ನನ್ನನ್ನೇ ನೋಡುತ್ತಿತ್ತು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಕೊಟ್ಟ ಮಾತಿನಿಂದ ನನ್ನನ್ನು ಬಿಡಿಸಬೇಕಾದವರೇ ಈಗ ಇಲ್ಲ... ಮುಂದಿನ ಪುಟ ತೆಗೆಯಿರಿ ಎಂದೆ.