ಬಾಣಂತಿಯ ಬಿಸಿನೀರು

ವೈದ್ಯರ ನಿರಂತರ ಶಿಕ್ಷಣ ಎಂದರೆ ಹೊಸಕೋಟೆಯಲ್ಲಿ ಪುಟ್ಟ ಕ್ಲಿನಿಕ್ ಇಟ್ಟುಕೊಂಡಿರುವ ನನ್ನಂಥವಳಿಗೆ ಅರ್ಧ ದಿನದ ರಜೆ, ಒಂದು ಒಳ್ಳೆಯ ಊಟ, ನೋಂದಣಿ ನವೀಕರಣಕ್ಕೆ ಬೇಕಾದ ಒಂದಿಷ್ಟು ಅಂಕ. ಆ ಭಾನುವಾರ ದೇವನಹಳ್ಳಿಯ ಹೋಟೆಲೊಂದರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಬಗ್ಗೆ ಉಪನ್ಯಾಸವಿತ್ತು. ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗಳ ನರದ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ. ನೆಗಡಿ, ಶುಗರ್, ಮಂಡಿನೋವು ನೋಡುವವಳಿಗೆ ಇದೆಲ್ಲ ಯಾಕೆ ಎಂದು ಗೊಣಗಿಕೊಂಡೇ ಹಿಂದಿನ ಸಾಲಿನಲ್ಲಿ ಕೂತೆ.

ನರರೋಗ ತಜ್ಞರು ಹೇಳುತ್ತಾ ಹೋದರು. ಹೆಚ್ಚಾಗಿ ಪ್ರಾಯದ ಹೆಂಗಸರಿಗೆ ಬರುತ್ತದೆ, ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ಕೆರಳುವುದುಂಟು. ಒಂದು ಕಣ್ಣು ಮಸುಕಾಗುತ್ತದೆ, ಆ ಕಣ್ಣಿಗೆ ಕೆಂಪು ಬಣ್ಣ ಪೇಲವವಾಗಿ ಕಾಣುತ್ತದೆ. ಆಮೇಲೆ ಹಳೆಯ ಕಥೆ ಹೇಳುವವರಂತೆ ಹೇಳಿದರು: "ಸ್ಕ್ಯಾನ್ ಇಲ್ಲದ ಕಾಲದಲ್ಲಿ ಅನುಮಾನ ಇದ್ದವರನ್ನ ಬಿಸಿನೀರಿನ ತೊಟ್ಟೀಲಿ ಕೂರಿಸಿ ನೋಡ್ತಿದ್ರು. ಮೈ ಕಾದ್ರೆ ಕಣ್ಣು ಮಂಜಾಗುತ್ತೆ, ಕಾಲು ಸೋಲುತ್ತೆ. ತಣ್ಣಗಾದ್ರೆ ಮತ್ತೆ ಮೊದಲಿನಂಗೆ."

ಸಭೆಯಲ್ಲಿ ಕೆಲವರು ನಕ್ಕರು. ನಾನು ಬೆಚ್ಚಿದೆ.

ಸೂಲಿಬೆಲೆಯ ತವರಿನಲ್ಲಿ ನನ್ನ ತಂಗಿ ಬಾಣಂತಿ. ಅಮ್ಮ ದಿನಾ ಹಂಡೆ ತುಂಬ ನೀರು ಕಾಯಿಸಿ ಎರೆಯುತ್ತಾಳೆ. ಮೈ ಸುಡದಿದ್ದರೆ ಅವಳ ಲೆಕ್ಕದಲ್ಲಿ ಅದು ಬಾಣಂತನವೇ ಅಲ್ಲ. ನನಗೂ ಹಾಗೇ ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಕಂಬಳಿ ಹೊದಿಸಿದ್ದಳು. ನಾನು ಗುಂಡುಕಲ್ಲಿನಂತೆ ಎದ್ದು ಓಡಾಡಿದ್ದೆ. ತಂಗಿಗೆ ಮಾತ್ರ ನೀರು ಹಾಕಿಕೊಂಡು ಬಂದರೆ ಕಾಲು ನಿಲ್ಲುತ್ತಿರಲಿಲ್ಲ, ಒಂದು ಕಣ್ಣಿಗೆ ಹೊಗೆ ಕವಿದ ಹಾಗಾಗುತ್ತಿತ್ತು. "ಶಾಖ ಸಾಲ್ದು" ಎಂದು ಅಮ್ಮ ಮಾರನೆಯ ದಿನ ಇನ್ನೂ ನಾಲ್ಕು ಸೌದೆ ಹೆಚ್ಚಿಗೆ ಒಟ್ಟುತ್ತಿದ್ದಳು. ಮಗುವನ್ನು ಎತ್ತಿಕೊಳ್ಳಲು ತಂಗಿ ಹಿಂಜರಿದರೆ, "ಹೆತ್ತೋಳಿಗೇ ಮಗು ಭಾರ ಆಯ್ತೇನೇ?" ಎಂದು ರೇಗುತ್ತಿದ್ದಳು.

ಟೀ ವಿರಾಮದಲ್ಲಿ ತಜ್ಞರ ಮುಂದೆ ಎಲ್ಲ ಒದರಿದೆ. ಅವರ ಮುಖದ ನಗು ಹೋಯಿತು. "ಹೌದೋ ಅಲ್ವೋ ಅಂತ ಎಂಆರ್‌ಐ ಮಾಡಿದ್ರೆ ಗೊತ್ತಾಗುತ್ತೆ. ನಾಳೆನೇ ಕರ್ಕೊಂಡ್ ಬನ್ನಿ. ಪೂರ್ತಿ ವಾಸಿಯಾಗೋ ಕಾಯಿಲೆ ಅಲ್ಲ. ಆದ್ರೆ ಬೇಗ ಔಷಧಿ ಶುರು ಮಾಡಿದ್ರೆ ಮುಂದೆ ಬರೋ ಹೊಡೆತಗಳನ್ನ ಬಹಳಷ್ಟು ತಡೀಬಹುದು" ಎಂದರು.

ಊಟಕ್ಕೆ ನಿಲ್ಲಲಿಲ್ಲ. ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ; ನೀರೆರೆಯುವ ಹೊತ್ತಿನಲ್ಲಿ ಎತ್ತುವುದೂ ಇಲ್ಲ. ಸೂಲಿಬೆಲೆ ರಸ್ತೆಯಲ್ಲಿ ಕಾರು ಓಡಿಸುತ್ತಾ ಅಮ್ಮನನ್ನೂ, ಹಂಡೆಯನ್ನೂ, ಮುಂದೆ ಹೋಗುತ್ತಿದ್ದ ಹಾಲಿನ ಟೆಂಪೋವನ್ನೂ ಒಟ್ಟಿಗೇ ಬೈದೆ.

ಬಚ್ಚಲಿನಿಂದ ಹೊಗೆ ಬರುತ್ತಿತ್ತು. ತಂಗಿ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದಳು. ಅಮ್ಮನ ಕೈಯಲ್ಲಿದ್ದ ಚೊಂಬನ್ನು ಕಿತ್ತುಕೊಂಡು, ಮಗುವಿನ ಕೆಂಪು ಕುಲಾವಿ ತಂದು ತಂಗಿಯ ಮುಂದೆ ಹಿಡಿದೆ. ಒಂದೊಂದೇ ಕಣ್ಣು ಮುಚ್ಚಿ ನೋಡು ಎಂದೆ.

"ಈ ಕಣ್ಣಿಗೆ ಕೆಂಪು" ಎಂದಳು. ಇನ್ನೊಂದರಲ್ಲಿ ತುಸು ಹೊತ್ತು ನೋಡಿದಳು. "ಇದಕ್ಕೆ ಒಗೆದು ಒಗೆದು ಬಣ್ಣ ಬಿಟ್ಟಂಗಿದೆ. ಯಾಕಕ್ಕ?"

ಹೇಳಿದೆ. ಇನ್ನೂ ಅನುಮಾನ ಅಷ್ಟೆ ಎಂದೂ, ಔಷಧಿ ಇದೆ ಎಂದೂ ಹೇಳಿದೆ. ಅಮ್ಮ ಗೋಡೆಗೊರಗಿದಳು. "ಹಂಗಾದ್ರೆ ನನ್ ನೀರೇ ಇವಳ ಕಣ್ಣು ತೆಗೀತಾ?"

"ಇಲ್ಲಮ್ಮ. ನೀರಿಂದ ಬರೋದಲ್ಲ ಇದು. ಒಳಗಿದ್ದದ್ದನ್ನ ತೋರಿಸಿಕೊಡ್ತು, ಅಷ್ಟೆ."

ಡಾಕ್ಟರ ದನಿಯಲ್ಲೇ ಹೇಳಿದೆ. ತಂಗಿ ಅಳುತ್ತಾಳೆ ಎಂದುಕೊಂಡಿದ್ದೆ. ಜೀವನಪರ್ಯಂತದ ಕಾಯಿಲೆಯೊಂದರ ಹೆಸರು ಕೇಳಿಯೂ ಅವಳ ಮುಖ ಹಗುರಾಯಿತು. ಅದನ್ನು ಕಂಡು ನಾನು ಇನ್ನೊಮ್ಮೆ ಬೆಚ್ಚಿದೆ.

"ಅಂದ್ರೆ ಅಕ್ಕ, ಮಗು ಎತ್ಕೊಳ್ಳೋಕೆ ನಂಗೆ ಮನಸ್ಸಿಲ್ದೆ ಅಲ್ಲ, ಅಲ್ವಾ?"

ಅಮ್ಮ ಒಲೆಯಿಂದ ಸೌದೆ ಹೊರಗೆಳೆದಳು. ಒಳಗೆ ಹೋಗಿ ಮಗುವನ್ನು ತಂದು ತಂಗಿಯ ಮಡಿಲಲ್ಲಿ ಇಟ್ಟಳು. ಇಟ್ಟ ಮೇಲೂ ತನ್ನ ಎರಡೂ ಕೈಗಳನ್ನು ಕೆಳಗಿನಿಂದ ತೆಗೆಯಲಿಲ್ಲ.