ದಾರಿ ತೋರಿಸಿದವನ ಮುಖ

ಅಲ್ಲ, ಕುರ್ಚಿಗಳ ಕಥೆ ಬಿಟ್ಟು ಫ್ರೋಸೊಳ ಕಥೆ ಹೇಳಲಿಕ್ಕೆ ಹೊರಟರೆ ಅರ್ಧಂಬರ್ಧ ಆಗುತ್ತದೆ, ಅದಕ್ಕೇ ಮತ್ತೆ ಅಲ್ಲಿಂದಲೇ ಹಿಡಿಯೋಣ. ಮೆಸೊರಾಹಿ ಅನ್ನುವ ಬೆಟ್ಟದೂರಿನ ಚೌಕದಲ್ಲಿ ಮೊದಲು ಎದುರುಬದುರಾಗಿ ಎರಡು ಕಾಫಿ ಅಂಗಡಿಗಳಿದ್ದವು. ಒಂದು ಫ್ರೋಸೊಳ ಅಪ್ಪ ನಾಸಿಸ್‌ನದು. ಅಂತರ್ಯುದ್ಧದಲ್ಲಿ ಸೇನೆಯ ಕಡೆ ಇದ್ದವರು ಅಲ್ಲಿ ಕೂರುತ್ತಿದ್ದರು. ಸೇನೆಯ ವಿರುದ್ಧ ಬಂದೂಕು ಹಿಡಿದು ಬೆಟ್ಟ ಹತ್ತಿದವರು, ಅವರ ಮಕ್ಕಳು, ಅಳಿಯಂದಿರು ಎಲ್ಲ ಇನ್ನೊಂದರಲ್ಲಿ. ಯುದ್ಧ ಮುಗಿದು ತಲೆಮಾರು ಕಳೆದರೂ ಇವರು ಅವರ ಹೊಸ್ತಿಲು ತುಳಿಯಲಿಲ್ಲ, ಅವರು ಇವರದ್ದು ತುಳಿಯಲಿಲ್ಲ.

ಆಮೇಲೆ ನಾಸಿಸ್ ಸತ್ತು ಅಂಗಡಿ ಫ್ರೋಸೊಳ ಕೈಗೆ ಬಂತು, ಆ ಇನ್ನೊಂದು ಅಂಗಡಿಯವನೂ ತೀರಿಕೊಂಡ. ಬಾಗಿಲು ಮುಚ್ಚಿತು. ಬೆಟ್ಟದ ಕಡೆಯ ಮುದುಕರು ಚೌಕದ ದೊಡ್ಡ ಮರದ ಕೆಳಗೆ ಜೇಬಿನಲ್ಲಿ ಕೈಯಿಟ್ಟುಕೊಂಡು ಹಿಮದಲ್ಲಿ ನಿಲ್ಲತೊಡಗಿದರು. ಹಟ ಅಂದರೆ ಹಟ. ಕೊನೆಗೆ ಒಂದು ಬೆಳಿಗ್ಗೆ ಲಾಂಬ್ರೋಸ್, ಸೋತ ಮೇಲೆ ಗಡಿ ದಾಟಿ ತಾಷ್ಕೆಂಟ್‌ನಲ್ಲಿ ಅರ್ಧ ಆಯಸ್ಸು ಕಳೆದು ಬಂದವನು, ಮುಚ್ಚಿದ ಅಂಗಡಿಯಿಂದ ತನ್ನ ಹಸಿರು ಕುರ್ಚಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದು ಫ್ರೋಸೊಳ ಕಿಟಕಿಯ ಪಕ್ಕ ಇಟ್ಟು ಕೂತುಬಿಟ್ಟ. ಹಿಂದೆಯೇ ಉಳಿದವರೂ ತಮ್ಮ ತಮ್ಮ ಕುರ್ಚಿ ತಂದರು. ಫ್ರೋಸೊ ಸಕ್ಕರೆ ಎಷ್ಟು ಅಂತ ಮಾತ್ರ ಕೇಳಿದಳು.

ಅವನು ಸ್ವಂತ ಕುರ್ಚಿ ತಂದದ್ದು ಯಾಕೆ ಅಂತ ಊರಿಗೆಲ್ಲ ಗೊತ್ತು. ನಾಸಿಸ್‌ನ ನೀಲಿ ಕುರ್ಚಿಯಲ್ಲಿ ಅವನು ಕೂರುವುದಿಲ್ಲ.

ಯುದ್ಧದ ಕೊನೆಯ ಚಳಿಗಾಲದಲ್ಲಿ ಊರ ಕೆಳಗಿನ ನೀರಿನ ಗಿರಣಿಯಲ್ಲಿ ಬೆಟ್ಟದವರು ಐದು ಜನ ಅಡಗಿದ್ದರು. ಹಿಮ ಬಿದ್ದು ದಾರಿಯೇ ಮುಚ್ಚಿಹೋಗಿತ್ತು. ಊರಿನವರಲ್ಲದೆ ಬೇರೆಯವರಿಗೆ ಆ ಜಾಗ ಸಿಗುವುದು ಸಾಧ್ಯವೇ ಇರಲಿಲ್ಲ. ಆದರೂ ಸೇನೆ ನೆಟ್ಟಗೆ ಅಲ್ಲಿಗೇ ಬಂತು. ಐದೂ ಜನರನ್ನು ಗೋಡೆಗೆ ನಿಲ್ಲಿಸಿ ಕೊಂದರು. ಅವರಲ್ಲೊಬ್ಬ ಲಾಂಬ್ರೋಸ್‌ನ ಅಣ್ಣ ಸ್ತಾಥಿಸ್. ಆ ವಾರ ಸೇನೆಯವರು ಸಾಮಾನು ಹೊರಲು ನಾಸಿಸ್‌ನ ಹೇಸರಗತ್ತೆಗಳನ್ನು ಹಿಡಿದುಕೊಂಡು ಹೋಗಿದ್ದರು, ಜೊತೆಗೆ ನಾಸಿಸ್‌ನನ್ನೂ. ಊರಿಗೆ ಗೊತ್ತಿದ್ದದ್ದು ಇಷ್ಟೇ. ಉಳಿದದ್ದೆಲ್ಲ ಪಿಸುಮಾತು. ಫ್ರೋಸೊ ಹುಡುಗಿಯಾಗಿದ್ದಾಗ ಒಂದು ಸಲ ಅಪ್ಪನನ್ನು ಕೇಳಿಯೇಬಿಟ್ಟಳಂತೆ. ಅವನು ಎದ್ದು ಪ್ರಾಣಿಗಳಿಗೆ ಹುಲ್ಲು ಹಾಕಲು ಹೋದವನು ಕತ್ತಲಾಗುವವರೆಗೆ ಒಳಗೆ ಬರಲಿಲ್ಲ. ಆಮೇಲೆ ಇವಳೂ ಕೇಳಲಿಲ್ಲ, ಅವನೂ ಹೇಳದೆಯೇ ಸತ್ತ.

ಇಂಥ ಅಂಗಡಿಯನ್ನು ಒಬ್ಬಳೇ ನಡೆಸುವುದೆಂದರೆ ತಮಾಷೆಯಲ್ಲ ಸ್ವಾಮಿ. ಮಧ್ಯದಲ್ಲಿ ಕಟ್ಟಿಗೆಯ ಒಲೆ. ಬಾಗಿಲ ಕಡೆ ನೀಲಿ ಕುರ್ಚಿಯವರು, ಕಿಟಕಿಯ ಕಡೆ ಹಸಿರು ಕುರ್ಚಿಯವರು. ಒಲೆ ದಾಟಿ ನೇರ ಮಾತಿಲ್ಲ. ಏನಾದರೂ ಹೇಳುವುದಿದ್ದರೆ ಫ್ರೋಸೊಗೆ ಹೇಳಬೇಕು, ಆಕೆ ದಾಟಿಸಬೇಕು. ಆ ಮುದುಕನಿಗೆ ಬಾಗಿಲು ಹಾಕೋಕೆ ಹೇಳು ಅಂತ ಈ ಕಡೆಯಿಂದ ಬಂದರೆ, ಚಳಿ ಆದವನೇ ಎದ್ದು ಹಾಕಿಕೊಳ್ಳಲಿ ಅಂತ ಆ ಕಡೆಯಿಂದ. ಇಬ್ಬರೂ ಕೂತಿರುವುದು ಹತ್ತು ಅಡಿ ದೂರದಲ್ಲಿ! ಫ್ರೋಸೊ ಪಾತ್ರೆಯಲ್ಲಿ ಕಾಫಿಯ ನೊರೆ ಏಳುವುದನ್ನೇ ನೋಡುತ್ತ ಎರಡೂ ಕಡೆಯ ಮಾತಿನ ಮುಳ್ಳು ಮುರಿದು ದಾಟಿಸುತ್ತಿದ್ದಳು. ಅವಳದ್ದೇ ಒಂದು ಕಾನೂನೂ ಇತ್ತು. ಯಾರು ‘ಡಕಾಯಿತ’ ಅಂದರೂ, ಯಾರು ‘ಫ್ಯಾಸಿಸ್ಟ್’ ಅಂದರೂ, ಅವತ್ತಿನ ಕಾಫಿ ಕಪ್ಪುಗಳನ್ನೆಲ್ಲ ಅವರೇ ತೊಳೆಯಬೇಕು. ನೀಲಿ ಕುರ್ಚಿಯ ಫೋತಿಸ್ ಮುದುಕನಷ್ಟು ಕಪ್ಪು ತೊಳೆದವರು ಆ ಜಿಲ್ಲೆಯಲ್ಲೇ ಇಲ್ಲ. ಅವನ ಹೆಂಡತಿ ಬಂದು, ಮನೆಯಲ್ಲೂ ರಾಜಕೀಯ ಮಾತಾಡಲಿ, ನನ್ನ ಸಿಂಕೂ ಖಾಲಿಯಾಗುತ್ತೆ ಅಂದಿದ್ದಳು.

ಈಗ ಪುಸ್ತಕಕ್ಕೆ ಬರುತ್ತೇನೆ.

ಯಾನಿನಾ ಪಟ್ಟಣದಿಂದ ಮಿರ್ತೊ ಅನ್ನುವ ಚಿತ್ರಗಾರ ಹುಡುಗಿಯೊಬ್ಬಳು ಒಂದು ಬೇಸಿಗೆಯಲ್ಲಿ ಬಂದಿದ್ದಳು. ನಮ್ಮ ಅಂತರ್ಯುದ್ಧದ ಇತಿಹಾಸವನ್ನು ಪುಟಪುಟವೂ ಚಿತ್ರವಿರುವ ದೊಡ್ಡ ಪುಸ್ತಕ ಮಾಡುತ್ತಿದ್ದೇವೆ, ಶಾಲೆಯ ಮಕ್ಕಳೂ ಓದಬೇಕು ಅಂದಳು. ಮನೆ, ಗಿರಣಿ, ಬೆಟ್ಟ ಎಲ್ಲ ಬರೆದುಕೊಂಡಳು. ಮುಖಗಳು ಮಾತ್ರ ಸಿಗುತ್ತಿಲ್ಲ ಅಂದಳು. ಪಟ್ಟಣದ ಮುಖಗಳಿಗೆ ಕುರಿಚರ್ಮದ ಕೋಟು ತೊಡಿಸಿದರೆ ನಾಟಕದವರ ಹಾಗೆ ಕಾಣುತ್ತಾರಂತೆ. ಫ್ರೋಸೊ ಹಿಂದೆಮುಂದೆ ನೋಡದೆ ಅಂಗಡಿಯ ಗಡಿಯಾರದ ಪಕ್ಕದಿಂದ ಅಪ್ಪ ಅಮ್ಮನ ಮದುವೆಯ ಫೋಟೊ ಇಳಿಸಿ ಕೈಗಿಟ್ಟಳು. ನೆಂಟರಿಷ್ಟರು, ಡೋಲಿನವನು, ಪಾದ್ರಿ, ಎಲ್ಲರೂ ಸಾಲಾಗಿ ನಿಂತ ಫೋಟೊ. ಹುಡುಗಿ ಅದರ ನಕಲು ತೆಗೆದುಕೊಂಡು ವಾಪಸ್ ಕೊಟ್ಟಳು. ನಮ್ಮಪ್ಪನನ್ನ ಚೆನ್ನಾಗಿ ಬರಿ, ನೋಡೋಕೆ ಲಕ್ಷಣವಾಗಿದ್ದ ಅಂತ ಬೇರೆ ಹೇಳಿದಳು. ಅಪ್ಪ ಒಂದು ಪುಸ್ತಕದಲ್ಲಿ ಬರುತ್ತಾನೆ ಅನ್ನುವ ಹೆಮ್ಮೆ ಯಾವ ಮಗಳಿಗೆ ಇರುವುದಿಲ್ಲ ಹೇಳಿ.

ಆ ಪುಸ್ತಕದ ಪೆಟ್ಟಿಗೆ ಒಂದು ಶುಕ್ರವಾರ ಬಸ್ಸಿನಲ್ಲಿ ಬಂತು. ಭಾನುವಾರ ಚರ್ಚ್ ಮುಗಿದ ಮೇಲೆ ಫ್ರೋಸೊಳ ಅಂಗಡಿಯಲ್ಲೇ ಪುಸ್ತಕ ತೋರಿಸುವ ಕಾರ್ಯಕ್ರಮ. ಪೆಟ್ಟಿಗೆ ಬಂದಾಗ ಅಂಗಡಿ ಖಾಲಿಯಿತ್ತು. ಅವಳು ಕೈ ಒರೆಸಿಕೊಂಡು ಒಂದು ಪ್ರತಿ ತೆಗೆದು ಅಪ್ಪನನ್ನು ಹುಡುಕಲು ಶುರುಮಾಡಿದಳು. ಮದುವೆಯ ಡೋಲಿನವನು ಇಲ್ಲಿ ಬೆಟ್ಟದ ಕಮಾಂಡರ್ ಆಗಿದ್ದ. ದೊಡ್ಡಮ್ಮ ಉರಿಯುವ ಮನೆಯ ಮುಂದೆ ಅಳುತ್ತಿದ್ದಳು. ನಗು ಬಂತು. ಪುಟ ಮಗುಚಿದಳು.

ಎರಡು ಪುಟ ತುಂಬ ಹರಡಿದ ಚಿತ್ರ. ಹಿಮ, ಕೆಳಗೆ ಗಿರಣಿ, ಗೋಡೆಗೆ ಮುಖಮಾಡಿ ಬೆನ್ನು ತೋರಿಸಿ ನಿಂತ ಐದು ಜನ. ಮುಂದುಗಡೆ, ಹತ್ತಿರದಲ್ಲಿ, ಸೇನಾಧಿಕಾರಿಯ ಪಕ್ಕ ಗಿರಣಿಯ ಕಡೆ ಬೆರಳು ಚಾಚಿ ನಿಂತವನು ಅವಳಪ್ಪ. ಮದುವೆಯ ದಿನದ ಮುಖ, ಅದೇ ಮೀಸೆ, ಅದೇ ಸೀಳು ಗದ್ದ. ಕೆಳಗೆ ಒಂದೇ ಸಾಲು: ದಾರಿ ತೋರಿಸಿದವನು.

ಫ್ರೋಸೊ ಮೊದಲು ಮಾಡಿದ ಕೆಲಸ ಬಾಗಿಲಿಗೆ ಚಿಲಕ ಹಾಕಿದ್ದು. ಆಮೇಲೆ ಮಿರ್ತೊಗೆ ಫೋನ್ ಮಾಡಿದಳು. ಹುಡುಗಿಗೆ ಅರ್ಥವಾಗಲಿಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ತನಗೆ ಬೇಕಾಗಿದ್ದದ್ದು ಬರೀ ಮುಖಗಳು, ಯಾರ ಮುಖ ಯಾರಿಗೆ ಅಂತ ತಾನು ಯೋಚಿಸಲೇ ಇಲ್ಲ ಅಂದಳು.

“ಅಷ್ಟು ಜನ ಇದ್ರಲ್ಲ ಫೋಟೊದಲ್ಲಿ. ಇವನೇ ಯಾಕೆ?” ಅಂದಳು ಫ್ರೋಸೊ.

“ಎಲ್ಲರಿಗಿಂತ ಒಳ್ಳೇ ಮುಖ ಅವರದ್ದೇ ಇತ್ತು, ಫ್ರೋಸೊ ಅಮ್ಮ. ದಾರಿ ತೋರಿಸಿದವನು ರಾಕ್ಷಸನ ಥರ ಕಾಣಬಾರದು ಅಂತ ನನಗೆ ಆಸೆ ಇತ್ತು.”

ಪುಸ್ತಕ ಹಂಚುವುದೇ ಬೇಡ, ಬಂದು ಪೆಟ್ಟಿಗೆ ವಾಪಸ್ ಒಯ್ಯುತ್ತೇನೆ ಅಂದಳು ಹುಡುಗಿ. ಫ್ರೋಸೊ ಲೆಕ್ಕ ಹಾಕಿದಳು. ಹತ್ತಿರದ ಪೇಟೆ ಕೋನಿತ್ಸಾದ ಅಂಗಡಿಗಳಿಗೆ ಅದೇ ಪುಸ್ತಕ ಬಂದೇ ಬರುತ್ತದೆ. ಲಾಂಬ್ರೋಸ್ ಔಷಧಿಗೆ ಅಂತ ಹೋದವನು ನೋಡೇ ನೋಡುತ್ತಾನೆ. ಆಮೇಲೆ ಹಸಿರು ಕುರ್ಚಿಗಳು ಒಂದೊಂದಾಗಿ ಹೊರಗೆ ನಡೆಯುತ್ತವೆ, ಹಿಂದಿನಿಂದ ನೀಲಿಯವರು ಜಗಳಕ್ಕೆ ನಿಲ್ಲುತ್ತಾರೆ. ಅಪ್ಪನ ಹೆಸರಂತೂ ಕೆಟ್ಟೇಹೋಯಿತು. ಪಿಸುಮಾತು ಬಾಯಿಂದ ಬಾಯಿಗೆ ಹೋಗುವಾಗ ಸವೆಯುತ್ತದೆ. ಅಚ್ಚಾದದ್ದು ಸವೆಯುವುದಿಲ್ಲ.

ಭಾನುವಾರ ನೀನು ಬಾ ಅಂತ ಮಾತ್ರ ಹೇಳಿ ಫೋನ್ ಇಟ್ಟಳು. ಇಟ್ಟವಳೇ ಮಾಡಬಾರದ ಕೆಲಸ ಮಾಡಿದಳು. ಸ್ಟೂಲ್ ಹತ್ತಿ ಮದುವೆಯ ಫೋಟೊ ಇಳಿಸಿ ಸಕ್ಕರೆ ಚೀಲದ ಹಿಂದೆ ಸೇರಿಸಿದಳು.

ಶನಿವಾರ ಬೆಳಿಗ್ಗೆ ಲಾಂಬ್ರೋಸ್ ಬಂದು ಕೂತ, ಟೋಪಿ ತೆಗೆದ, ಗಡಿಯಾರ ನೋಡಿದ. ಕಣ್ಣು ಅಲ್ಲೇ ನಿಂತಿತು.

“ನಿಮ್ಮಪ್ಪ ಎಲ್ಲಿಗ್ಹೋದ?”

“ಗಾಜು ಒರೆಸೋಕೆ ಇಳಿಸಿದೀನಿ, ಬಾರ್ಬಾ.” ಊರಿನ ಹಿರಿಯರನ್ನು ಅವಳು ಬಾರ್ಬಾ, ಅಂದರೆ ದೊಡ್ಡಪ್ಪ, ಅಂತಲೇ ಕರೆಯುವುದು.

“ಇಷ್ಟು ವರ್ಷ ಧೂಳು ಹಿಡಿದಾಗ ಕಾಣದ್ದು ಇವತ್ತು ಕಾಣ್ತಾ?”

ಬಾಗಿಲ ಕಡೆಯಿಂದ ಫೋತಿಸ್ ತನ್ನ ಪಕ್ಕದವನಿಗೆ ಹೇಳುವ ಹಾಗೆ, ಆದರೆ ಇಡೀ ಅಂಗಡಿಗೆ ಕೇಳುವ ಹಾಗೆ, ನಾಳೆ ಪಟ್ಟಣದವರು ಬರ್ತಾರಲ್ಲ, ನಮ್ಮ ನಾಸಿಸ್‌ಗೆ ಶೃಂಗಾರ ನಡೀತಿದೆ ಅಂದ. ಆ ಕಡೆ ನಕ್ಕರು. ಈ ಕಡೆ ಯಾರೂ ನಗಲಿಲ್ಲ. ಲಾಂಬ್ರೋಸ್ ಖಾಲಿ ಮೊಳೆಯನ್ನೇ ನೋಡುತ್ತ ಕಾಫಿ ಕುಡಿದ.

ಫ್ರೋಸೊಗೆ ಆಗ ಹೊಳೆಯಿತು. ಪುಸ್ತಕ ಇನ್ನೂ ಪೆಟ್ಟಿಗೆಯಲ್ಲೇ ಇದೆ, ಒಬ್ಬರೂ ನೋಡಿಲ್ಲ, ಆಗಲೇ ಅಪ್ಪನನ್ನು ತಾನೇ ತಪ್ಪಿತಸ್ಥನ ಹಾಗೆ ಅಡಗಿಸಿ ಕೂತಿದ್ದೇನೆ ಅಂತ. ಒಳಗೆ ಹೋಗಿ ಫೋಟೊ ತಂದು ಎಲ್ಲರೆದುರಿಗೇ ಮತ್ತೆ ತೂಗುಹಾಕಿದಳು. ಗಾಜಿನ ಮೇಲೆ ಧೂಳು ಹಾಗೇ ಇತ್ತು. ಲಾಂಬ್ರೋಸ್ ಅದನ್ನೂ ನೋಡಿದ. ಟೋಪಿ ಹಾಕಿಕೊಂಡು ಎದ್ದುಹೋದ.

ಭಾನುವಾರ ಅಂಗಡಿ ಕಿಕ್ಕಿರಿದಿತ್ತು. ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ಮಿರ್ತೊ ಬಂದಳು. ಅವಳು ಮಾತು ಶುರುಮಾಡುವ ಮೊದಲೇ ಫ್ರೋಸೊ ಒಂದು ಪುಸ್ತಕ ಎತ್ತಿಕೊಂಡು ಕಿಟಕಿಯ ಕಡೆ ನಡೆದು, ಲಾಂಬ್ರೋಸ್‌ನ ಮೇಜಿನ ಮೇಲೆ ಆ ಪುಟವನ್ನೇ ತೆರೆದಿಟ್ಟಳು.

“ಬಾರ್ಬಾ, ಇದು ನಮ್ಮಪ್ಪನ ಮುಖ. ಗೋಡೆಯಿಂದ ಇಳಿಸಿ ಈ ಹುಡುಗಿಗೆ ಕೊಟ್ಟಿದ್ದು ನಾನು. ಅವಳಿಗೆ ಏನೂ ಗೊತ್ತಿರ್ಲಿಲ್ಲ. ಅಪ್ಪ ದಾರಿ ತೋರಿಸಿದ್ನೋ ಇಲ್ವೋ ನನಗೂ ಗೊತ್ತಿಲ್ಲ. ನಿಮಗೆ ಗೊತ್ತಿದ್ರೆ ಇಲ್ಲೇ ಹೇಳಿ. ಮರದ ಕೆಳಗೆ ನಿಂತು ಹೇಳ್ಬೇಡಿ.”

ಬಾಗಿಲ ಕಡೆ ಯಾರೋ ದಡಕ್ಕನೆ ಎದ್ದರು. ಫೋತಿಸ್ ಅವನ ಕೋಟು ಹಿಡಿದು ಎಳೆದು ಕೂರಿಸಿದ. ಲಾಂಬ್ರೋಸ್ ಕನ್ನಡಕಕ್ಕಾಗಿ ಒಂದು ಜೇಬು ತಡಕಿದ, ಇನ್ನೊಂದು ತಡಕಿದ. ಸಿಕ್ಕಿತು. ಪುಟದ ಮೇಲೆ ಬಾಗಿದ. ಫ್ರೋಸೊ ಏಪ್ರನ್ನಿನೊಳಗೆ ಎರಡೂ ಕೈ ಬಿಗಿದುಕೊಂಡು ನಿಂತಿದ್ದಳು.

“ಗೊತ್ತಿಲ್ಲ,” ಅಂದ ಲಾಂಬ್ರೋಸ್ ಕೊನೆಗೆ. “ಅನುಮಾನ ಇತ್ತು. ಈಗ್ಲೂ ಇದೆ, ನಿನ್ ಹತ್ರ ಸುಳ್ಳು ಹೇಳಲ್ಲ ಮಗಳೇ. ಆದ್ರೆ ಕಣ್ಣಾರೆ ನೋಡಿಲ್ಲ. ನೋಡಿದೋರು ಯಾರೂ ಉಳಿದಿಲ್ಲ.”

ಅವನ ಬೆರಳು ನಾಸಿಸ್‌ನನ್ನು ಬಿಟ್ಟು ಮೆಲ್ಲಗೆ ಪುಟದ ಆ ಬದಿಗೆ ಹೋಗಿ ಗೋಡೆಯ ಹತ್ತಿರ ನಿಂತಿತು.

“ಇವ್ರಲ್ಲಿ ನಮ್ಮಣ್ಣ ಯಾರು?”

ಮಿರ್ತೊ ಹತ್ತಿರ ಬಂದು, ಆ ಐವರದ್ದು ಒಂದು ಫೋಟೊ ಕೂಡ ಎಲ್ಲೂ ಸಿಗಲಿಲ್ಲ, ಅದಕ್ಕೇ ಬೆನ್ನು ಬರೆದೆ ಅಂದಳು.

“ಎಲ್ಲಿಂದ ಸಿಗುತ್ತೆ? ನಮ್ಮನೆ ಸುಟ್ಟಾಗ ಫೋಟೊ ಹಾಕೋಕೆ ಗೋಡೆನೇ ಉಳೀಲಿಲ್ಲ. ಅಲ್ಲಮ್ಮಾ, ತೋರಿಸ್ದೋನಿಗೆ ಮುಖ ಕೊಟ್ಟಿದೀಯ, ಸತ್ತೋರಿಗೆ ಬೆನ್ನು ಕೊಟ್ಟಿದೀಯ. ಇದು ಯಾವ ಊರಿನ ನ್ಯಾಯ?”

ಹುಡುಗಿಗೆ ಕಣ್ಣಲ್ಲಿ ನೀರು ಬಂದಿತ್ತು. ಆದರೂ ಚೀಲದಿಂದ ಪೆನ್ಸಿಲ್ ತೆಗೆದಳು, ಪುಸ್ತಕದ ಕೊನೆಯ ಬಿಳಿ ಹಾಳೆ ತಿರುಗಿಸಿ ಅವನ ಮುಂದೆ ಕೂತು, ನೀವು ಹೇಳಿ, ನಾನು ಬರೀತೀನಿ ಅಂದಳು. ಲಾಂಬ್ರೋಸ್ ಹೇಳತೊಡಗಿದ. ಅಗಲ ಹಣೆ. ಹತ್ತಿರ ಹತ್ತಿರ ಹುಬ್ಬು. ಮೂಗಿಗೆ ಬಂದಾಗ ನಿಂತುಬಿಟ್ಟ. ಅಣ್ಣನ ಮೂಗು ಅವನಿಗೆ ನೆನಪಾಗಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ, ಬೆಟ್ಟದಲ್ಲಿ ಹಿಮದ ಮೇಲೆ ಮಲಗಿ ಯುದ್ಧ ಮಾಡಿದವನು, ಬಿಳಿ ಹಾಳೆಯ ಮುಂದೆ ಬೆವರುತ್ತಿದ್ದ.

“ಎಡಕ್ಕೆ ವಾಲಿತ್ತು,” ಅಂತ ಬಾಗಿಲ ಕಡೆಯಿಂದ ಕೇಳಿತು. ಫೋತಿಸ್. ಫ್ರೋಸೊಗಲ್ಲ, ಪಕ್ಕದವನಿಗಲ್ಲ, ಒಲೆಯ ಮೇಲಿಂದ ನೇರ. “ಅಕ್ರೋಟ್ ಮರದಿಂದ ಬಿದ್ದಿದ್ನಲ್ಲ.”

ಲಾಂಬ್ರೋಸ್ ತಿರುಗಲಿಲ್ಲ.

“ಎಡಕ್ಕಲ್ಲ. ಬಲಕ್ಕೆ.”

“ಎಡಕ್ಕೆ ಕಣೋ. ಶಾಲೆಲಿ ಅವನ ಪಕ್ಕ ಕೂರ್ತಿದ್ದೋನು ನಾನು, ನೀನಿನ್ನೂ ಮೂಗು ಸುರಿಸ್ಕೊಂಡು ಓಡಾಡ್ತಿದ್ದೆ.”

ಅಲ್ಲಿಂದ ಮುಂದೆ ಸ್ವಲ್ಪ ಹೊತ್ತು ಜಗಳವೋ ಜಗಳ. ಕಿವಿ ದೊಡ್ಡದು, ಅಷ್ಟು ದೊಡ್ಡದಲ್ಲ, ಗದ್ದ ಚೂಪು, ನಿನ್ನ ತಲೆ ಚೂಪು. ಗೋಡೆಗೆ ಒರಗಿದ್ದ ಅಜ್ಜಿಯೊಬ್ಬಳು, ಅವನು ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು ಅಂದು ನಾಲಿಗೆ ಕಚ್ಚಿಕೊಂಡಳು. ಅವಳ ಗಂಡ ನೀಲಿ ಕುರ್ಚಿಯವನು! ಮಿರ್ತೊ ಬರೆದಳು, ಅಳಿಸಿದಳು, ಬರೆದಳು. ಕೊನೆಗೆ ಲಾಂಬ್ರೋಸ್ ಅಂಗೈಯನ್ನು ಹಾಳೆಯ ಮೇಲಿಟ್ಟ, ಸಾಕು ಅನ್ನುವ ಹಾಗೆ.

ಮುಂದಿನ ಮುದ್ರಣದಲ್ಲಿ ನಾಸಿಸ್‌ನ ಜಾಗಕ್ಕೆ ಬೇರೆ ಮುಖ ಹಾಕುತ್ತೇನೆ ಅಂತ ಹುಡುಗಿ ಮಾತು ಕೊಟ್ಟಳು.

“ಯಾರದ್ದು ಹಾಕ್ತೀಯ?” ಅಂದಳು ಫ್ರೋಸೊ. “ಯಾರ ಮುಖ ಹಾಕಿದ್ರೂ ಅದಕ್ಕೊಬ್ಳು ಮಗಳು ಇರ್ತಾಳೆ.”

ಲಾಂಬ್ರೋಸ್ ಕನ್ನಡಕ ಮಡಚುತ್ತ, ತೋರಿಸ್ದೋನನ್ನ ಆ ಕಡೆ ತಿರುಗಿಸಿ ನಿಲ್ಲಿಸು, ಬೆನ್ನು ಅವನಿಗೆ ಸೇರಲಿ ಅಂದ. ಫ್ರೋಸೊಳ ಕಡೆ ನೋಡಲಿಲ್ಲ. ಆದರೆ ಎದ್ದೂ ಹೋಗಲಿಲ್ಲ. ಅವಳು ಕಾಫಿ ತಂದಿಟ್ಟಳು, ಅವನು ಕುಡಿದ.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಗಿರಣಿಯಲ್ಲಿ ಸತ್ತ ಇನ್ನೊಬ್ಬನ ತಮ್ಮ ಅವತ್ತೇ ಕುರ್ಚಿ ಹೊತ್ತುಕೊಂಡು ಹೋದವನು ಇವತ್ತಿಗೂ ಬಂದಿಲ್ಲ, ಆ ಜಾಗವನ್ನು ಫ್ರೋಸೊ ಇನ್ನೂ ಖಾಲಿ ಇಟ್ಟಿದ್ದಾಳೆ. ಎರಡನೇ ಮುದ್ರಣ ಬಂದಿದೆ. ದಾರಿ ತೋರಿಸಿದವನು ಈಗ ಬೆನ್ನು ಹಾಕಿ ನಿಂತಿದ್ದಾನೆ. ಗೋಡೆಯ ಹತ್ತಿರ ವಾಲಿದ ಮೂಗಿನ ಸ್ತಾಥಿಸ್ ನಮ್ಮ ಕಡೆ ನೋಡುತ್ತಾನೆ. ಉಳಿದ ನಾಲ್ವರದ್ದು ಬೆನ್ನೇ, ಮೂವರ ಮುಖ ಹೇಳುವವರು ಸಿಗಲಿಲ್ಲ, ಕುರ್ಚಿ ಹೊತ್ತುಹೋದವನು ಹೇಳಲು ಒಪ್ಪಲಿಲ್ಲ. ಮೊದಲನೆಯ ಮುದ್ರಣವನ್ನೂ ಫ್ರೋಸೊ ಎಸೆದಿಲ್ಲ. ಅಪ್ಪ ತೋರಿಸಿದ್ದರೆ ಅಂತ ಅವಳಿಗೆ ಈಗಲೂ ನಿದ್ದೆ ಕೆಡುತ್ತದೆ, ತೋರಿಸಿರದಿದ್ದರೆ ಬದುಕೆಲ್ಲ ಸುಳ್ಳು ಆಪಾದನೆ ಹೊತ್ತನಲ್ಲ ಅಂತಲೂ ಕೆಡುತ್ತದೆ.

ನಾನು ಎಷ್ಟು ಹೇಳಿದರೂ ಅವಳು ಮಾತಾಡುವ ಹಾಗೆ ಆಗುವುದಿಲ್ಲ. ಕೋನಿತ್ಸಾದಿಂದ ಬೆಳಗಿನ ಬಸ್ಸಿದೆ, ತಿರುವುಗಳಲ್ಲಿ ಹೊಟ್ಟೆ ತೊಳಸಿದರೂ ತಡೆದುಕೊಳ್ಳಿ. ಒಲೆಯ ಯಾವ ಕಡೆ ಕೂರಬೇಕು ಅಂತ ತಲೆ ಕೆಡಿಸಿಕೊಳ್ಳದೆ ಅವಳು ಕಾಫಿ ಕಾಯಿಸುವ ಜಾಗದ ಹತ್ತಿರವೇ ನಿಂತುಕೊಳ್ಳಿ, ಮಧ್ಯಾಹ್ನ ಮುದುಕರು ಮನೆಗೆ ಹೋದ ಮೇಲೆ ಆ ಎರಡು ಪುಸ್ತಕ ತೋರಿಸು ಅಂತ ಕೇಳಿ. ತೋರಿಸುತ್ತಾಳೆ. ಹೋಗಿ, ಫ್ರೋಸೊಳನ್ನು ಒಮ್ಮೆ ಕಂಡು ಮಾತಾಡಿಸಿ ಬನ್ನಿ.